ಹಂದಿ ಇಳಿದ ಮೇಲೆ ಲಾರಿ ಎಲ್ಲಿಗೆ ಹೋಗುತ್ತದೆ?

2022ರ ಜುಲೈಯಲ್ಲಿ ಕೇರಳದ ವಯನಾಡಿನಲ್ಲಿ ಆಫ್ರಿಕನ್ ಹಂದಿ ಜ್ವರ ದೃಢಪಟ್ಟಿತು. ಅಕ್ಟೋಬರಿನಲ್ಲಿ ಮಂಗಳೂರಿನ ಹೊರವಲಯದ ನೀರುಮಾರ್ಗದ ಫಾರ್ಮಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಬ್ರಹ್ಮಾವರ ಎರಡು ತಾಸಿನ ದಾರಿ; ಅದೇ ರಸ್ತೆಯಲ್ಲಿ ಮುಂದೆ ಕುಂದಾಪುರ, ಬೈಂದೂರು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಕ್ರಿಸ್‌ಮಸ್ ಮಾರಾಟಕ್ಕೆಂದು ನಾಲ್ಕಾರು ಹಂದಿ ಸಾಕಿದ ಮನೆಯ ವರ್ಷದ ದುಡಿಮೆಯನ್ನು ಕೆಲವೇ ದಿನಗಳಲ್ಲಿ ಮುಗಿಸಬಲ್ಲದು.

ಈ ಜ್ವರವನ್ನು ಮೊದಲು ವಿವರಿಸಿದವರು ಕೀನ್ಯಾದಲ್ಲಿದ್ದ ಪಶುವೈದ್ಯ ಮಾಂಟ್‌ಗೊಮೆರಿ, 1921ರಲ್ಲಿ. 1957ರಲ್ಲಿ ಅದು ಲಿಸ್ಬನ್ ತಲುಪಿದ್ದು ವಿಮಾನದ ಊಟದ ಎಂಜಲಿನಿಂದ ಎಂದು ತಜ್ಞರು ನಂಬುತ್ತಾರೆ. 2007ರಲ್ಲಿ ಜಾರ್ಜಿಯಾಕ್ಕೆ ಬಂದಾಗ ಸಂಶಯ ಹೋದದ್ದು ಹಡಗಿನ ತ್ಯಾಜ್ಯದ ಮೇಲೆ.

ವಿಮಾನ, ಹಡಗಿನಂತೆ ಲಾರಿಯೂ ರೋಗ ಹೊರುತ್ತದೆ. ಅದರ ಪಾತ್ರವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಇನ್ನೊಂದು ಜ್ವರ, ಬೇರೆ ವೈರಾಣುವಿನ ಕ್ಲಾಸಿಕಲ್ ಹಂದಿ ಜ್ವರ. 1996-97ರ ಚಳಿಗಾಲದಲ್ಲಿ ಜರ್ಮನಿಯ ಪಾಡರ್‌ಬಾರ್ನ್ ಕಡೆಗೆ ಹೋಗಿದ್ದ ಸಾಗಣೆ ಲಾರಿಯೊಂದು ನೆದರ್‌ಲ್ಯಾಂಡ್ಸ್‌ಗೆ ಮರಳಿತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ತೊಳೆದದ್ದು ಅರೆಬರೆ. 1997ರ ಫೆಬ್ರವರಿ 4ರಂದು ರೋಗ ಪತ್ತೆಯಾಯಿತು. ಮರುವರ್ಷ ಹತೋಟಿಗೆ ಬರುವಷ್ಟರಲ್ಲಿ 429 ಫಾರ್ಮ್‌ಗಳಿಗೆ ಸೋಂಕು ತಗುಲಿತ್ತು. ಕೊಲ್ಲಬೇಕಾಗಿ ಬಂದ ಹಂದಿಗಳು ಒಂದು ಕೋಟಿಗೂ ಹೆಚ್ಚು. ತನಿಖೆ ಮಾಡಿದ ಪಶುವೈದ್ಯರ ಬಲವಾದ ಗುಮಾನಿ ಆ ಲಾರಿಯ ಮೇಲೇ ನಿಂತಿತು.

2013ರಲ್ಲಿ ಅಮೆರಿಕದಲ್ಲಿ ಹಂದಿಗಳ ಭೇದಿ ರೋಗ ಹಬ್ಬಿದಾಗ ಆರು ಕಸಾಯಿಖಾನೆಗಳಿಗೆ ಬಂದ 669 ವಾಹನಗಳನ್ನು ಪರೀಕ್ಷಿಸಿದರು. ಬರುವಾಗಲೇ ವೈರಾಣು ಹೊತ್ತಿದ್ದವು ಶೇ. 6.6. ಶುಚಿಯಾಗಿ ಬಂದ ವಾಹನಗಳಲ್ಲಿ ಶೇ. 5.2ರಷ್ಟು ಹಂದಿ ಇಳಿಸುವಾಗ ಸೋಂಕು ಅಂಟಿಸಿಕೊಂಡು ಹೊರಟವು. ಖಾಲಿ ಗಾಡಿ ಎಂದು ಬಿಟ್ಟುಬಿಡುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕರಾವಳಿಯ ಪಿಕಪ್ ಗಾಡಿಯೊಂದರ ಹಿಂಬದಿಯನ್ನು ಬಗ್ಗಿ ನೋಡಬೇಕು. ಹಲಗೆಗಳ ಸಂದಿಯಲ್ಲಿ ಹಂದಿಯ ಮಲ ಮತ್ತು ಹುಲ್ಲು, ಬಾಗಿಲ ತಿರುಗಣಿಯಲ್ಲಿ ಒಣಗಿದ ಜೊಲ್ಲು, ಮೂಲೆಯಲ್ಲಿ ಒದ್ದೆ ಟಾರ್ಪಾಲು. ಚಾಲಕನ ಚಪ್ಪಲಿಯಿಂದ ಕ್ಯಾಬಿನ್ನಿನ ಮ್ಯಾಟಿಗೂ ಅದೇ ಕೆಸರು. ಈ ಕೊಳೆ ಉಳಿದಿದ್ದರೆ ಮೇಲೆ ಸುರಿದ ಸೋಂಕುನಾಶಕ ಕೆಲಸ ಮಾಡುವುದಿಲ್ಲ. ಮೊದಲು ಕೆರೆದು ತೆಗೆಯಬೇಕು, ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಆಮೇಲೆ ಔಷಧಿ, ಕೊನೆಗೆ ಪೂರ್ತಿ ಒಣಗಿಸುವುದು. ನೆದರ್‌ಲ್ಯಾಂಡ್ಸ್‌ನವರಿಗೆ ಚಳಿ ಅಡ್ಡಿಯಾದಂತೆ ಇಲ್ಲಿ ಅಡ್ಡಿಯಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ: ಹಲಗೆ ಒಣಗುವುದೇ ಇಲ್ಲ. ಮಾಡಿನಡಿಯ ತೊಳೆಯುವ ಜಾಗ, ದೊಡ್ಡದೊಂದು ಫ್ಯಾನು, ಮರದ ಬದಲು ತಗಡಿನ ತಳ, ಇವು ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಿಗೆ ಐಷಾರಾಮವಲ್ಲ.

ಕಾನೂನಿನ ಕೊರತೆಯೇನೂ ಇಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣದ 2009ರ ಕೇಂದ್ರ ಕಾಯ್ದೆ ಜಾನುವಾರು ಸಾಗಿಸುವ ವಾಹನವನ್ನು ಸಾಗಣೆಗೆ ಮೊದಲೂ ಆಮೇಲೂ ತೊಳೆದು ಸೋಂಕುಮುಕ್ತಗೊಳಿಸಬೇಕೆನ್ನುತ್ತದೆ. ಆದರೆ ರೋಗ ಬಂದಾಗ ತಪಾಸಣೆಯ ಕಣ್ಣು ಹೋಗುವುದು ತುಂಬಿದ ಗಾಡಿಯ ಮೇಲೆ. ಸಾಸ್ತಾನ, ಶಿರೂರು ಟೋಲ್‌ಗೇಟ್‌ಗಳಲ್ಲಿ ಎಲ್ಲ ವಾಹನಗಳೂ ಹೇಗೂ ನಿಧಾನಿಸುತ್ತವೆ. ಮಂಗಳೂರು ಕಡೆಯಿಂದ ಬರಿದಾಗಿ ಮರಳುವ ಪಿಕಪ್ಪಿನ ಚಾಲಕನನ್ನು ಕೊನೆಯ ಸಲ ಗಾಡಿ ಎಲ್ಲಿ ತೊಳೆಸಿದಿರಿ ಎಂದು ಕೇಳಲು, ಹಲಗೆಯ ಸಂದಿಗೆ ಟಾರ್ಚ್ ಹಿಡಿದು ನೋಡಲು ಅಲ್ಲಿ ಜಾಗವಿದೆ.