ಚಾಲಕನ ಆಸನ

ಅಮೆರಿಕದ ಕಾಲು ಮೈಲಿ ಓಟದ ಡ್ರ್ಯಾಗ್ ಕಾರುಗಳನ್ನು 1960ರ ದಶಕದಲ್ಲಿ ಎಎಂಟಿ, ರೆವೆಲ್ ಮೊದಲಾದ ಕಂಪನಿಗಳು ಜೋಡಿಸುವ ಪ್ಲಾಸ್ಟಿಕ್ ಮಾದರಿಗಳಾಗಿ ಮಾರಿದವು. ಹವ್ಯಾಸಿಗಳು ಈಗ ಅವನ್ನು ಬಿಚ್ಚಿ ಮರಳಿ ಕಟ್ಟುತ್ತಾರೆ. ಫ್ರೀಜರಿನಲ್ಲಿಟ್ಟರೆ ಹಳೆಯ ಅಂಟು ಪೆಡಸಾಗಿ ಬಿಡುತ್ತದೆ. ಮೆದು ಟೈರು ತಾಗಿ ಕರಗಿದ ಚಕ್ರವನ್ನು ಸರಿಪಡಿಸುವುದು ಮಾತ್ರ ಕಷ್ಟ. ಬಣ್ಣ, ಕ್ರೋಮ್ ಹೊಸದಾಗಲಿ, ಆದರೆ ಚಾಲಕನ ಆಸನ ಕದಲಬಾರದೆಂಬುದು ಈ ಇತಿಹಾಸದ ಮೇಷ್ಟರ ಹಟ. ಶಿಷ್ಯರು ನಗಬಹುದು!

ಹಳೆಯ ಡ್ರ್ಯಾಗ್‌ಸ್ಟರುಗಳಲ್ಲಿ ಆ ಆಸನ ಎಂಜಿನ್ನಿನ ಹಿಂದಿತ್ತು. ಗೇರ್‌ಬಾಕ್ಸು ಚಾಲಕನ ಕಾಲುಗಳ ನಡುವೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಪಥದಲ್ಲಿ ಅದು ಸಿಡಿದು, ಡಾನ್ ಗಾರ್ಲಿಟ್ಸ್ ಬಲಪಾದದ ಒಂದು ಭಾಗವನ್ನೇ ಕಳೆದುಕೊಂಡರು. ಎಂಜಿನ್ನನ್ನು ಬೆನ್ನ ಹಿಂದಿಡುವ ಯತ್ನಗಳು ಮೊದಲೂ ನಡೆದಿದ್ದವು, ನೆಲೆ ನಿಂತಿರಲಿಲ್ಲ. ಗಾರ್ಲಿಟ್ಸ್ ಅಂಥದ್ದನ್ನೇ ಕಟ್ಟಿ 1971ರಲ್ಲಿ ಪೊಮೋನಾದಲ್ಲಿ ಗೆದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದವರೂ ಆಸನವನ್ನು ಮುಂದಕ್ಕೆ ತಂದರು.