ಕೆರೆಯ ಈಜು, ಕೊಳದ ರಿಲೇ

ಕುಣಿಗಲ್ಲಿನ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ತುಮಕೂರಿನ ಅಮಾನಿಕೆರೆ, ಜೊತೆಗೆ ತೋಟದ ಬಾವಿಗಳು. ಈ ಸೀಮೆಯ ಹಳೆಯ ಈಜುಶಾಲೆಗಳೆಂದರೆ ಇವೇ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಹುಡುಗನನ್ನು ಬಾವಿಗೆ ಇಳಿಸುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಸೋದರಮಾವನ ಕೈಯಲ್ಲಿ. ಕೆಲ ದಿನಕ್ಕೆ ಬುರುಡೆ ಬಿಚ್ಚುತ್ತಿದ್ದರು, ಆಮೇಲೆ ಹಗ್ಗ. ಹುಡುಗ ಮುಳುಗದಿದ್ದರೆ ಪಾಸಾದಂತೆ. ಅಲ್ಲಿ ಗಡಿಯಾರಕ್ಕೆ ಕೆಲಸವಿರಲಿಲ್ಲ.

ಸ್ಪರ್ಧೆಯ ಈಜಿಗೆ ಗಡಿಯಾರವೇ ಯಜಮಾನ, ರಿಲೇಯಲ್ಲಂತೂ ಇನ್ನೂ ಕಟ್ಟುನಿಟ್ಟು. ಬರುತ್ತಿರುವವರ ಕೈ ಗೋಡೆ ಮುಟ್ಟುವ ಮೊದಲೇ ಮುಂದಿನವರ ಪಾದ ಕಟ್ಟೆ ಬಿಟ್ಟರೆ ನಾಲ್ವರೂ ಅನರ್ಹ. ಮೊದಲು ಈಜಿದವರ ಸಮಯ ಮಾತ್ರ ವೈಯಕ್ತಿಕ ದಾಖಲೆಗೆ ಸಲ್ಲುತ್ತದೆ; ಉಳಿದ ಮೂವರು ಎಷ್ಟೇ ಜೋರಾಗಿ ಈಜಿದರೂ ಅದು ತಂಡದ ಖಾತೆಗೆ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಈಜು ರಿಲೇಯಲ್ಲಿ ಕಂಚು ಗೆದ್ದಿತ್ತು.

ಕರ್ನಾಟಕದಲ್ಲಿ ಸ್ಪರ್ಧೆಯ ಈಜು ಬೇರೂರಿದ್ದು ತುಮಕೂರಿನಿಂದ 70 ಕಿ.ಮೀ. ದೂರದ ಬೆಂಗಳೂರಿನ ಕೊಳಗಳಲ್ಲಿ. ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲ್ಲೆಟ್ ಚಿಕ್ಕಂದಿನಲ್ಲಿ ನೀರಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲೇ ಪಾರಾದವರು. ಆ ಭಯ ಬಿಡಿಸಲೆಂದೇ ಅಪ್ಪ ಈಜಿಗೆ ಹಚ್ಚಿದರು. ಅದೇ ಹುಡುಗಿ 1999ರ ಇಂಫಾಲ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು, ಮುಂದಿನ ಅಥೆನ್ಸ್ ಒಲಿಂಪಿಕ್ಸ್ ಕೂದಲೆಳೆಯಲ್ಲಿ ತಪ್ಪಿತು. ಬೇರೆಯವರು ನೌಕರಿಗೆ ಅರ್ಜಿ ಹಾಕುವ ವಯಸ್ಸಿಗೆ ಈಜುಗಾರರ ವೃತ್ತಿ ಮುಗಿದಿರುತ್ತದೆ! ನಿಶಾ ಬೆಂಗಳೂರಿನಲ್ಲಿ ತಮ್ಮದೇ ಈಜು ಅಕಾಡೆಮಿ ತೆರೆದು, ನೀರಿಗೆ ಹೆದರುವ ಮಕ್ಕಳಿಗೂ ದೊಡ್ಡವರಿಗೂ ಕಲಿಸತೊಡಗಿದರು.

ಅಥೆನ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಈಜಿದ ಶಿಖಾ ಟಂಡನ್ ಹಿಡಿದದ್ದು ಬೇರೆ ದಾರಿ. ಅಮೆರಿಕಕ್ಕೆ ಹೋಗಿ ಜೀವವಿಜ್ಞಾನ ಓದಿ, ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ರಿಲೇ ಪದಕವನ್ನೇ ಹುಡುಕುವವರು ಬೆಂಗಳೂರಿನ ಶರತ್ ಗಾಯಕ್ವಾಡ್ ಅವರನ್ನು ನೆನೆಯಬೇಕು. ಹುಟ್ಟಿನಿಂದಲೇ ಎಡಗೈ ಪೂರ್ತಿ ಬೆಳೆಯದ ಶರತ್, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಅವುಗಳಲ್ಲಿ ಒಂದು 4x100 ಮೀಟರ್ ಮೆಡ್ಲೆ ರಿಲೇಯ ಕಂಚು. ಒಂದೇ ಕೂಟದಲ್ಲಿ ಆರು ಪದಕವೆಂದರೆ, 1986ರ ಏಷ್ಯನ್ ಕ್ರೀಡಾಕೂಟದಲ್ಲಿ ಓಟಗಾರ್ತಿ ಪಿ.ಟಿ. ಉಷಾ ಗೆದ್ದ ಐದಕ್ಕಿಂತ ಒಂದು ಹೆಚ್ಚು.

ಈ ಈಜುಗಾರರೆಲ್ಲರ ಹೆಸರೂ ರಾಜಧಾನಿಯ ಕೊಳಗಳ ಸುತ್ತಲೇ ಸುತ್ತುತ್ತದೆ. ಹೇಮಾವತಿ ನಾಲೆಯ ನೀರು ಬಂದ ವರ್ಷ ತುಮಕೂರು ಸೀಮೆಯ ಕೆರೆಗಳಲ್ಲಿ ಇಂದಿಗೂ ಹುಡುಗರು ಧುಮುಕುತ್ತಾರೆ. ಕಲಿಸಲು ಹಗ್ಗ ಹಿಡಿದ ಮಾವ ಮಾತ್ರ ಈಗ ಅಪರೂಪ. ನಿವೃತ್ತ ಈಜುಗಾರರನ್ನು ಬೇಸಿಗೆ ರಜೆಯಲ್ಲಾದರೂ ಗುಬ್ಬಿ, ಕುಣಿಗಲ್ಲಿಗೆ ಕರೆಸುವ ಏರ್ಪಾಡನ್ನು ಕ್ರೀಡಾ ಇಲಾಖೆ ಮಾಡಬೇಕು. ಪದಕ ಆಮೇಲಿನ ಮಾತು, ಮೊದಲು ಮಕ್ಕಳು ಮುಳುಗದಿರಲಿ.