ಕೈಗವಸು ಏರಿದ ಬಿಲಗೂಬೆ

1918ರಲ್ಲಿ ಅಮೆರಿಕ ವಲಸೆ ಹಕ್ಕಿಗಳ ರಕ್ಷಣೆಗೆ ಕಾಯ್ದೆ ತಂದಾಗ ಗೂಬೆ, ಗಿಡುಗ, ಹದ್ದುಗಳನ್ನು ಹೊರಗೇ ಬಿಟ್ಟಿತು. ಕೋಳಿಕಳ್ಳರೆಂದೇ ಅವಕ್ಕೆ ಹೆಸರು. ಪೆನ್ಸಿಲ್ವೇನಿಯಾದ ಬೆಟ್ಟವೊಂದರಲ್ಲಿ ಜನ ಪ್ರತಿ ಶರತ್ಕಾಲ ಸಾಲಾಗಿ ನಿಂತು, ವಲಸೆ ಹೊರಟ ಗಿಡುಗಗಳನ್ನು ಮೋಜಿಗಾಗಿ ಹೊಡೆದುರುಳಿಸುತ್ತಿದ್ದರು. 1934ರಲ್ಲಿ ಹಕ್ಕಿಗಳ ಪರ ಹೋರಾಡುತ್ತಿದ್ದ ರೋಸಲಿ ಎಡ್ಜ್ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು, ಕಾವಲು ಹಾಕಿಸಿ, ಬಂದೂಕುಗಳ ಬಾಯಿ ಕಟ್ಟಿದರು. ಗೂಬೆಗಳಿಗೆ ಕೇಂದ್ರ ಕಾಯ್ದೆಯ ಆಸರೆ ದಕ್ಕಿದ್ದು ಮಾತ್ರ 1972ರಲ್ಲಿ, ಮೆಕ್ಸಿಕೊ ಜೊತೆಗಿನ ಒಪ್ಪಂದ ತಿದ್ದುಪಡಿಯಾದ ಮೇಲೆ.

ಎರಡು ವರ್ಷಕ್ಕೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಡ್ಯೂಕ್ ಮತ್ತು ಪ್ಯಾಟ್ರಿಕ್ ರೆಡಿಗ್ ಬೇಟೆಹಕ್ಕಿಗಳ ಚಿಕಿತ್ಸಾ ಕೇಂದ್ರ ಕಟ್ಟಿದರು. ಇಂಥ ಕಡೆಗಳಲ್ಲಿ ಗುಣವಾದ ಹಕ್ಕಿ ಬಯಲಿಗೆ ಮರಳುತ್ತದೆ. ಹಾರಲಾರದ್ದನ್ನು ಸುಮ್ಮನೆ ಸಾಕಿಕೊಳ್ಳುವಂತಿಲ್ಲ, ಶಿಕ್ಷಣಕ್ಕೆಂದೇ ಪರವಾನಗಿ ಬೇಕು. ಆಗ ಅದು ತರಗತಿಗೆ ಹೋಗುವ ‘ರಾಯಭಾರಿ’. ಕೈಗೆ ದಪ್ಪ ಗವಸು, ಹಕ್ಕಿಯ ಕಾಲಿಗೆ ಚರ್ಮದ ಪಟ್ಟಿ: ಎರಡೂ ಗಿಡುಗ ಪಳಗಿಸುವವರಿಂದ ಬಂದ ಬಳುವಳಿ. ನಿಯಮ ನಿರ್ದಯವಾಗಿಯೂ ಕಾಣುತ್ತದೆ. ಎರಡೂ ಕಣ್ಣು ಹೋದ, ಇಲ್ಲವೇ ಕಾಲನ್ನೇ ಕತ್ತರಿಸಬೇಕಾದ ಹಕ್ಕಿಗೆ ಸಾಮಾನ್ಯವಾಗಿ ದಯಾಮರಣವೇ ಗತಿ. ಓದಿದರೆ ಎದೆ ಹಿಂಡುತ್ತದೆ. ಆದರೂ ಅದು ಸರಿಯೆನ್ನಬೇಕು. ಗೂಡಿನಲ್ಲಿ ನರಳುವ ಜೀವವನ್ನು ತೋರಿಸಿ ಮಕ್ಕಳಿಗೆ ಕಲಿಸುವುದಾದರೂ ಏನನ್ನು?

ಈ ಕೆಲಸಕ್ಕೆ ಬಿಲಗೂಬೆಯಷ್ಟು ಒಗ್ಗುವ ಹಕ್ಕಿ ವಿರಳ. ನಮ್ಮ ಹಾಲಕ್ಕಿಯ ಕುಲದ್ದೇ; ತೂಕ ಸುಮಾರು 150 ಗ್ರಾಂ, ಮೈಗೆ ಮೀರಿದ ಉದ್ದ ಕಾಲು. ಹಗಲಲ್ಲೂ ಎಚ್ಚರವಿದ್ದು, ಎದುರಿಗಿದ್ದವರನ್ನು ತಲೆ ಕುಣಿಸಿ ಕುಣಿಸಿ ನೋಡುತ್ತದೆ. ಅದರ ಬದುಕೇ ಮುಗಿಯದ ಕಥೆ. ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಪ್ರೇರಿ ನಾಯಿಗಳೆಂಬ ದಂಶಕಗಳು ಬಿಟ್ಟುಹೋದ ಬಿಲಕ್ಕೆ ಒಕ್ಕಲು ಬರುತ್ತದೆ, ಫ್ಲಾರಿಡಾದಲ್ಲಿ ತಾನೇ ತೋಡಿಕೊಳ್ಳುತ್ತದೆ. ಬೆದರಿದ ಮರಿಗಳು ಬಿಲದೊಳಗಿಂದ ಗಿಲಕಿಹಾವಿನಂತೆ ಸದ್ದು ಮಾಡುತ್ತವೆ. ಬಾಗಿಲಲ್ಲಿ ಸಗಣಿ ತಂದು ಹರಡುವುದೇಕೆಂಬುದು 2004ರಲ್ಲಿ ಪ್ರಯೋಗದಿಂದ ಸ್ಪಷ್ಟವಾಯಿತು: ಸಗಣಿ ಹುಳುಗಳಿಗೆ ಒಡ್ಡಿದ ಎರೆ ಅದು.

ಗುಂಡು ತಪ್ಪಿತು, ನೆಲ ಉಳಿಯಲಿಲ್ಲ. ರೈತರೂ ದನಗಾಹಿಗಳೂ ಪ್ರೇರಿ ನಾಯಿಗಳಿಗೆ ವಿಷವಿಟ್ಟರು, ಬಿಲಗಳೂ ಕಡಿಮೆಯಾದವು. ಫ್ಲಾರಿಡಾದ ಕೇಪ್ ಕೋರಲ್ 1957ರಿಂದ ನಿವೇಶನಗಳಾಗಿ ಎದ್ದ ಊರು. ಅಲ್ಲಿ ಗೂಬೆಗಳು ಖಾಲಿ ಸೈಟುಗಳಲ್ಲಿ ಸಂಸಾರ ಹೂಡಿವೆ. ಮನೆ ಏಳುತ್ತಿದ್ದಂತೆ ಬಿಲ ಹೋಗುತ್ತದೆ, ರಸ್ತೆಯಲ್ಲಿ ಕಾರು ಬಡಿಯುತ್ತದೆ.

ಕೆನಡಾದ ಸಸ್ಕಾಚೆವಾನ್‌ನಲ್ಲಿ ಗೂಬೆಯ ನೆಲದ ಬಹುಪಾಲು ರೈತರ ಕೈಯಲ್ಲಿದೆ. ಅಲ್ಲಿ 1987ರಲ್ಲಿ ಬಿಲಗೂಬೆಗಾಗಿಯೇ ಅಭಿಯಾನವೊಂದು ಹೊರಟಿತು. ಗೂಬೆಯಿರುವ ಹುಲ್ಲುಗಾವಲನ್ನು ಉಳುವುದಿಲ್ಲ, ಪ್ರತಿ ವರ್ಷ ಎಣಿಸಿ ತಿಳಿಸುತ್ತೇವೆ ಎಂದು ರೈತರು ಕೈಕುಲುಕಿ ಮಾತು ಕೊಡುತ್ತಾರೆ, ಕಾನೂನಿನ ಕಟ್ಟಿಲ್ಲ. 1995ರಲ್ಲಿ ಹಕ್ಕಿ ಕೆನಡಾದ ಅಳಿವಿನಂಚಿನ ಪಟ್ಟಿ ಸೇರಿತು. 1997ರಲ್ಲಿ ಮೂಸ್ ಜಾದಲ್ಲಿ ಬಿಲಗೂಬೆಗೆಂದೇ ಪರಿಚಯ ಕೇಂದ್ರ ತೆರೆಯಿತು. ಅಲ್ಲಿನ ಗೂಬೆಗಳು ಶಾಲೆಗಳಿಗೂ ಹೋಗುತ್ತವೆ. ಮುಂದೆ ಆ ಹುಲ್ಲುಗಾವಲುಗಳಿಗೆ ಒಡೆಯರಾಗುವ ಮಕ್ಕಳು ಕೂತಿರುವುದು ಅಲ್ಲಿಯೇ.